ಕೋಟೆಯ ಬಾಗಿಲು ತೆರೆದ ಬಿಳಿ ಕೋಳಿ

2004ರಲ್ಲಿ ನಾನು ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಒಂದು ಮಹಡಿಯ ಮೇಲೆ ಗೇಮಿಂಗ್ ಸೆಂಟರ್ ನಡೆಸುತ್ತಿದ್ದೆ. ಅದಕ್ಕೂ ಮೊದಲು, ತೊಂಬತ್ತರ ದಶಕದ ಬಹುಪಾಲು, ಊರಿನ ಒಂದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಚಿತ್ರಮಂದಿರ ಮುಚ್ಚಿ ಕಲ್ಯಾಣ ಮಂಟಪವಾದ ಮೇಲೆ, ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮುಗಳನ್ನಿಟ್ಟು ಒಂದು ಅಂಗಡಿ ತೆರೆದೆ. ಅದೇ ಬೆಳೆದು ಕಂಪ್ಯೂಟರುಗಳ ಸೆಂಟರ್ ಆಯಿತು. ಆ ಕಸುಬಿನಲ್ಲಿ ಕಂಡದ್ದು ಬಹಳ, ಆದರೆ ಮನಸ್ಸಿನಲ್ಲಿ ಉಳಿದ ಪ್ರಕರಣ ಒಂದೇ. ಅದರಲ್ಲಿ ತಪ್ಪು ನನ್ನದು, ಗೆಲುವು ಇನ್ನೊಬ್ಬರದು. ಎರಡನ್ನೂ ಬರೆಯುತ್ತೇನೆ.

ಆಗಿನ ಗೇಮಿಂಗ್ ಸೆಂಟರ್ ಎಂದರೆ ಏನೆಂದು ಈಗಿನವರಿಗೆ ಸ್ವಲ್ಪ ಹೇಳಬೇಕು. ಮನೆಗಳಲ್ಲಿ ಕಂಪ್ಯೂಟರ್ ಅಪರೂಪ. ನಮ್ಮಲ್ಲಿ ಹತ್ತಾರು ಕಂಪ್ಯೂಟರುಗಳನ್ನು ವೈರಿನಿಂದ ಒಂದಕ್ಕೊಂದು ಜೋಡಿಸಿರುತ್ತಿದ್ದೆವು. ಇದಕ್ಕೆ ಲ್ಯಾನ್ ಎನ್ನುತ್ತಾರೆ. ಹೀಗೆ ಜೋಡಿಸಿದರೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕುಳಿತು ಎಲ್ಲರೂ ಒಂದೇ ಆಟದೊಳಗೆ ಇರಬಹುದು. ಎಲ್ಲವನ್ನೂ ನಿಭಾಯಿಸುವ ಯಂತ್ರ ಸರ್ವರ್. ಅದು ನನ್ನ ಕೌಂಟರಿನ ಮೇಲಿತ್ತು.

ಹೆಚ್ಚು ಓಡುತ್ತಿದ್ದುದು ಒಂದು ಶೂಟಿಂಗ್ ಗೇಮ್. ಹಳೆಯ ಕೋಟೆಯೊಳಗೆ ಎರಡು ತಂಡ, ಒಂದೊಂದು ತಂಡಕ್ಕೆ ನಾಲ್ಕು ಜನ. ಗುಂಡು ತಗುಲಿದವರು ಆ ಸುತ್ತಿಗೆ ಹೊರಗೆ. ಕೊನೆಗೆ ಉಳಿದವರ ತಂಡಕ್ಕೆ ಸುತ್ತು. ಕೋಟೆಯ ಆ ಮ್ಯಾಪನ್ನು, ಅಂದರೆ ಆಟದ ಬಯಲನ್ನು, ಯಾರೋ ತಂದ ಸಿ.ಡಿ.ಯಿಂದ ನಾನೇ ಹಾಕಿಕೊಂಡಿದ್ದೆ. ಅಂಗಳದಲ್ಲಿ ಬಿಳಿ ಕೋಳಿಗಳು ಕಾಳು ಹೆಕ್ಕುತ್ತ ಓಡಾಡುತ್ತಿದ್ದವು. ಯಾರಾದರೂ ನೇರ ಎದುರಿಗೆ ಹೋದರೆ ಅಲ್ಲಿನ ಮರದ ಬಾಗಿಲುಗಳು ತಾವಾಗಿ ತೆರೆದು, ಪಕ್ಕಕ್ಕೆ ಸರಿದರೆ ಮುಚ್ಚಿಕೊಳ್ಳುತ್ತಿದ್ದವು. ನಮ್ಮ ಹುಡುಗರು ಅದನ್ನು, ಕುಣಿಗಲ್ ಕಡೆಯ ಹಳೆಯ ಬೆಟ್ಟದ ಕೋಟೆಯ ಹೆಸರಿನಿಂದ, ಹುತ್ರಿದುರ್ಗ ಎಂದೇ ಕರೆಯುತ್ತಿದ್ದರು.

ಆಡದೆ ನೋಡಲು ಬಯಸುವವರಿಗೂ ಆ ಆಟದಲ್ಲಿ ದಾರಿಯಿತ್ತು. ಸ್ಪೆಕ್ಟೇಟರ್ ಎಂಬ ಗುಂಡಿ ಒತ್ತಿದರೆ ಕೋಟೆಯೊಳಗೆ ಎಲ್ಲಿ ಬೇಕಾದರೂ ಹಾರಾಡಬಹುದು, ಯಾರ ಬೆನ್ನಿಗಾದರೂ ಅಂಟಿಕೊಂಡು ಹೋಗಬಹುದು. ಆಡುವವರ ಕಣ್ಣಿಗೆ ಮಾತ್ರ ನಾವು ಕಾಣುವುದಿಲ್ಲ. ನನಗೆ ಇದಕ್ಕಿಂತ ಒಗ್ಗುವ ಕೆಲಸ ಇನ್ನೊಂದಿರಲಿಲ್ಲ. ಪ್ರೊಜೆಕ್ಟರ್ ಕೋಣೆಯ ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟು ಅಷ್ಟು ವರ್ಷ ಕಳೆದವನು ನಾನು. ಕಿಂಡಿಯ ಈಚೆ ನಾನು ಕೆಮ್ಮಿದರೂ ಕುಣಿದರೂ ಪರದೆಯ ಮೇಲಿನ ಕಥೆ ಬದಲಾಗುತ್ತಿರಲಿಲ್ಲ. ಆಟದಲ್ಲೂ ಹಾಗೆಯೇ ಎಂದು ನಂಬಿದ್ದೆ.

ಆ ವರ್ಷ ತುಮಕೂರು, ಗುಬ್ಬಿ, ಕುಣಿಗಲ್ ಮೂರು ಊರಿನ ತಂಡಗಳಿಗೆ ಒಂದು ಟೂರ್ನಮೆಂಟ್ ಇಟ್ಟೆ. ತೀರ್ಪುಗಾರ ನಾನೇ. ಕೌಂಟರಿನಲ್ಲಿ ಕುಳಿತು, ಸ್ಪೆಕ್ಟೇಟರ್ ಆಗಿ ನೋಡುತ್ತ ತೀರ್ಪು ಕೊಡುತ್ತಿದ್ದೆ. ತುಮಕೂರಿನ ತಂಡದ ನಾಯಕ ರಘು ನನ್ನ ಅಕ್ಕನ ಮಗ. ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತಿದ್ದ. ಚಿಕ್ಕವನಿದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದವನು. ಕುಣಿಗಲ್ ತಂಡದ ನಾಯಕ ಗೋವಿಂದ, ವೆಲ್ಡಿಂಗ್ ಶಾಪಿನವನು, ಬಾಯಿಗೆ ಬೀಗವಿಲ್ಲದವನು. ಗುಬ್ಬಿಯ ತಂಡಕ್ಕೆ ಮಾತ್ರ ಒಬ್ಬ ಹೆಣ್ಣುಮಗಳು ನಾಯಕಿ. ಹೆಸರು ಶಶಿಕಲಾ. ಡಿಪ್ಲೊಮಾ ಮುಗಿಸಿ ಗುಬ್ಬಿಯಲ್ಲಿ ಸ್ವಂತ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದಳು. ಕುಣಿಗಲ್ ತಂಡ ಮೊದಲೇ ಸೋತಿತು. ಫೈನಲ್ ಉಳಿದದ್ದು ರಘುವಿನ ತಂಡಕ್ಕೂ ಶಶಿಕಲಾಳ ತಂಡಕ್ಕೂ.

ಫೈನಲ್ ದಿನ ಸೆಂಟರಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಆಡುವವರ ಹಿಂದೆ ಯಾರೂ ನಿಲ್ಲಬಾರದೆಂದು ನಾನೇ ಹಗ್ಗ ಕಟ್ಟಿಸಿದ್ದೆ. ರಘುವಿನ ಆಟ ಹೊಂಚಿನದು. ಬಾಗಿಲ ಮಗ್ಗುಲಿನ ಗೋಡೆಗೆ ಒರಗಿ, ಉಸಿರಾಡದವನ ಹಾಗೆ ನಿಂತುಬಿಡುತ್ತಿದ್ದ. ಎದುರಾಳಿ ಒಳಗೆ ಕಾಲಿಟ್ಟರೆ ಮುಗಿಯಿತು. ಆದರೆ ಆ ದಿನ ಸುತ್ತು ಸುತ್ತಿಗೂ ಶಶಿಕಲಾ ಒಳಗೆ ಕಾಲಿಡಲೇ ಇಲ್ಲ. ಅವನು ಎಲ್ಲಿ ಅಡಗಿದರೂ ದೂರದಿಂದಲೇ ಆ ಬಾಗಿಲ ಕಡೆ ತಿರುಗಿ, ಗೋಡೆಯ ಅಂಚಿನಲ್ಲಿ ಚೂರು ಕಾಣುತ್ತಿದ್ದ ಅವನ ಭುಜಕ್ಕೇ ಗುಂಡು ಹೊಡೆದಳು. ಕಪ್ ಗುಬ್ಬಿಗೆ ಹೋಗುವುದು ಖಚಿತವಾಯಿತು.

ರಘು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದ. "ಮಾವ, ಇದು ಆಟ ಅಲ್ಲ. ಯಾವನೋ ಇವ್ಳಿಗೆ ಹೇಳ್ಕೊಡ್ತಾ ಅವ್ನೆ!"

ಅವನ ಗೆಳೆಯರೂ ದನಿ ಸೇರಿಸಿದರು. ಗೋಡೆಯಾಚೆ ಕಾಣುವ ಕಳ್ಳ ಪ್ರೋಗ್ರಾಮುಗಳು ಆಗ ಬಂದಿದ್ದವು. ಅಂಥದ್ದೇನೋ ಹಾಕಿದ್ದಾಳೆ ಎಂದು ಒಬ್ಬ ಹೇಳಿದ. ಶಶಿಕಲಾ ಕುರ್ಚಿಯಿಂದ ಏಳದೆ ನನ್ನನ್ನೇ ನೋಡಿದಳು.

"ಸರ್, ಇವ್ರು ನಿಂತ್ಕೊಂಡಿದ್ ಕಡೆಯೆಲ್ಲ, ಎದುರಿಗೆ ಯಾರೂ ಇಲ್ದಿದ್ರೂ ಬಾಗ್ಲು ತೆರ್ಕೊಳ್ತಿತ್ತು. ತೆರ್ದಿರೋ ಬಾಗ್ಲಿಗೆ ಹೊಡೆಯೋಕೆ ಯಾರ್ ಹೇಳ್ಕೊಡ್ಬೇಕು?"

"ಯಾರೂ ಇಲ್ದೆ ತೆರೆಯೋಕೆ ಅದೇನು ದೆವ್ವದ ಮನೇನಾ?" ಎಂದೆ. ಜನ ನಕ್ಕರು. ಆ ನಗುವಿನ ಬಲದಲ್ಲೇ ತೀರ್ಪು ಹೇಳಿದೆ: ಗುಬ್ಬಿಯ ಗೆಲುವು ರದ್ದು, ಶಶಿಕಲಾ ಇನ್ನು ಮುಂದೆ ಈ ಸೆಂಟರಿನಲ್ಲಿ ಆಡುವ ಹಾಗಿಲ್ಲ.

ಅವಳ ಕಂಪ್ಯೂಟರನ್ನು ನಾನು ಪರೀಕ್ಷಿಸಲಿಲ್ಲ. ಯಂತ್ರ ನನ್ನದೇ, ನೋಡಬಹುದಿತ್ತು. ಬಾಗಿಲ ಮಾತನ್ನು ಪರೀಕ್ಷಿಸಬಹುದಿತ್ತು. ಹೆಣ್ಣುಮಗಳೊಬ್ಬಳು ರಘುವನ್ನು ಈ ಪರಿ ಸೋಲಿಸಲಾರಳು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಳಗೇ ಅಂದುಕೊಂಡು ತೀರ್ಪು ಕೊಟ್ಟೆ.

ಮುಂದಿನ ತಿಂಗಳು ಗೋವಿಂದ ಯಾವುದೋ ಕೆಲಸಕ್ಕೆ ತುಮಕೂರಿಗೆ ಬಂದವನು ಸೆಂಟರಿಗೂ ಬಂದ. ಬಾಗಿಲಲ್ಲೇ ನಿಂತು, "ಗುಬ್ಬಿ ಸುದ್ದಿ ಗೊತ್ತಾಯ್ತಾ ಯಜಮಾನ್ರೇ?" ಎಂದ.

"ಏನು?"

"ಆ ಶಶಿಕಲಮ್ಮನ ಕ್ಲಾಸು ಖಾಲಿ ಹೊಡೀತಾ ಐತಂತೆ. ಆಟದಲ್ಲೇ ಮೋಸ ಮಾಡೋಳು ನಮ್ ಮಕ್ಳಿಗೆ ಏನ್ ಕಲಿಸ್ತಾಳೆ ಅಂತ ಒಬ್ರು ಬಿಡ್ಸಿದ್ರಂತೆ. ಅವ್ರ ಹಿಂದೆ ಇನ್ನೊಬ್ರು. ಇಂಗೇ ಆದ್ರೆ ಬೋರ್ಡ್ ಇಳಿಸ್ತಾಳೆ ಅಷ್ಟೇಯ."

ನಾನು "ಮಾಡಿದ್ದುಣ್ಣಲಿ" ಎಂದೆ. ಇಷ್ಟು ವರ್ಷವಾದರೂ ನನ್ನ ಬಾಯಿಂದ ಬಂದ ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಗೋವಿಂದ ನನ್ನ ಮುಖ ನೋಡಿ, ಟೀ ಕೂಡ ಕುಡಿಯದೆ ಹೋದ.

ಕೆಲವು ದಿನಗಳ ನಂತರ, ಒಂದು ಭಾನುವಾರ ಬೆಳಿಗ್ಗೆ ಶಶಿಕಲಾ ತನ್ನ ತಂಡದೊಡನೆ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಗೋವಿಂದನೂ ಇದ್ದ. ಅವನನ್ನು ಸಾಕ್ಷಿಗೆಂದು ಅವಳೇ ಕರೆಸಿದ್ದಳು. ಭಾನುವಾರವಾದ್ದರಿಂದ ರಘು, ಅವನ ಗೆಳೆಯರು ಅಲ್ಲೇ ಇದ್ದರು.

"ನೀನು ಆಡೋ ಹಾಗಿಲ್ಲ ಅಂತ ಹೇಳಿದ್ದೆ" ಎಂದೆ.

"ಆಡೋಕೆ ಬಂದಿಲ್ಲ ಸರ್, ತೋರ್ಸೋಕೆ ಬಂದಿದೀನಿ." ಅವಳು ಚೀಲದಿಂದ ಒಂದು ಸಿ.ಡಿ. ತೆಗೆದಳು. "ಇದೊಂದು ಆಡ್-ಆನ್. ಹಾಕಿ. ಅವತ್ತು ಆಡಿದೋರೇ ಆಡ್ಲಿ. ನೀವು ಅವತ್ತು ಹೆಂಗ್ ನೋಡ್ತಿದ್ರೋ ಹಂಗೇ ನೋಡಿ. ಅಷ್ಟೇ ಸಾಕು."

ಆಡ್-ಆನ್ ಎಂದರೆ ಮೂಲ ಆಟಕ್ಕೆ ಹೊರಗಿನಿಂದ ಜೋಡಿಸುವ ಪುಟ್ಟ ಪ್ರೋಗ್ರಾಂ. ಆಟ ಅದೇ, ಒಂದೆರಡು ನಿಯಮ ಮಾತ್ರ ಬದಲು. ಇದು ಏನು ಮಾಡುತ್ತದೆಂದು ಕೇಳಿದೆ.

"ಕಾಣದೆ ಇರೋ ಸ್ಪೆಕ್ಟೇಟರ್‌ಗಳು ಆಡೋರಿಗೆ ಕಾಣ್ತಾರೆ. ಮನುಷ್ಯನ ಆಕಾರ ಕೊಟ್ರೆ ಎದುರಾಳಿ ಅನ್ಕೊಂಡು ಗುಂಡು ಹೊಡೀತಾರೆ. ಅದಕ್ಕೆ ಅಂಗಳದಲ್ಲಿರೋ ಕೋಳಿ ಆಕಾರಾನೇ ಕೊಟ್ಟಿದೀನಿ, ತಲೆ ಮೇಲೆ ಹೆಸರು ಬರುತ್ತೆ."

ನನಗೆ ಸಿಟ್ಟು ಬಂತು. ಬೇಡ ಎನ್ನುವುದರಲ್ಲಿದ್ದೆ. ಗೋವಿಂದ, "ಯಾಕ್ ಯಜಮಾನ್ರೇ, ಕೋಳಿಗೆ ಹೆದರ್ತೀರಾ?" ಎಂದ. ಅಷ್ಟು ಜನರ ಮುಂದೆ ಬೇಡವೆನ್ನಲಾಗಲಿಲ್ಲ. ಸರ್ವರಿಗೆ ಆಡ್-ಆನ್ ಹಾಕಿ ಆಟ ಶುರು ಮಾಡಿದೆ. ನಾನು ಎಂದಿನಂತೆ ರಘುವಿನ ಬೆನ್ನು ಹಿಡಿದೆ.

ಮೊದಲು ನಕ್ಕವನು ರಘುವಿನ ತಂಡದವನೇ. ಆಮೇಲೆ ಸಾಲಿಡೀ ನಗತೊಡಗಿತು. ನನ್ನ ಪರದೆಯಲ್ಲಿ ನಾನು ಕಾಣುವುದಿಲ್ಲವಾದ್ದರಿಂದ ಕೌಂಟರಿನಿಂದ ಎದ್ದು ಬೇರೆ ಪರದೆ ನೋಡಿದೆ. ರಘುವಿನ ಹಿಂದೆ, ಭುಜದೆತ್ತರಕ್ಕೆ, ಗಾಳಿಯಲ್ಲಿ ಒಂದು ಬಿಳಿ ಕೋಳಿ ತೇಲುತ್ತಿತ್ತು. ಅದರ ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಸಿದ್ದರಾಜು ಎಂದು ನನ್ನ ಹೆಸರು.

"ಅಯ್ಯಯ್ಯೋ, ಮರಿ ಹಿಂದೆ ತಾಯಿ ಕೋಳಿ ಹೋದಂಗೆ ಹೊಂಟವ್ರಲ್ಲಪ್ಪೋ!" ಎಂದು ಗೋವಿಂದ ಹೊಟ್ಟೆ ಹಿಡಿದುಕೊಂಡ.

ನಾನು ಹಲ್ಲು ಕಚ್ಚಿ ಮತ್ತೆ ಕುಳಿತೆ. ರಘು ಎಂದಿನಂತೆ ಆಯುಧದ ಕೋಣೆಗೆ ಹೋಗಿ ಬಾಗಿಲ ಮಗ್ಗುಲಿಗೆ ಒರಗಿದ. ಬಾಗಿಲು ಮುಚ್ಚಿಕೊಂಡಿತು. ಅವನ ಮುಖವನ್ನು ಎದುರಿನಿಂದ ನೋಡುವುದು ನನಗೆ ಖುಷಿ. ಹಾಗೆ ನೋಡಲು ಮುಂದೆ ಬಂದು ಬಾಗಿಲೆದುರು ನಿಂತೆ. ಬಾಗಿಲು ತೆರೆಯಿತು. ನನ್ನ ಪರದೆಯಲ್ಲಿ ಅದು ಸಾವಿರ ಸಲ ತೆರೆದಿತ್ತು. ಎದುರಿಗೆ ಹೋದವನಿಗೆ ಬಾಗಿಲು ತೆರೆಯುವುದು ನನಗೆ ವಿಶೇಷವಾಗಿ ಕಂಡಿರಲೇ ಇಲ್ಲ. ಅದು ನನ್ನೊಬ್ಬನ ಪರದೆಯ ಸಂಗತಿ ಎಂದುಕೊಂಡಿದ್ದೆ.

ಸಾಲಿನಲ್ಲಿ ನಗು ನಿಂತಿತು. ಅಂಗಳದಲ್ಲಿದ್ದವರ ಪರದೆಗಳಲ್ಲೆಲ್ಲ ಒಂದೇ ಚಿತ್ರ ಎಂದು ಆಮೇಲೆ ಗೋವಿಂದ ಹೇಳಿದ: ಹಾರುಹೊಡೆದ ಬಾಗಿಲು, ನಡುವೆ ಬಿಳಿ ಕೋಳಿ. ಶಶಿಕಲಾ ದೂರದ ಅಂಗಳದಿಂದ ಗೋಡೆಯ ಅಂಚಿಗೆ ಒಂದೇ ಗುಂಡು ಹೊಡೆದಳು. ರಘು ಬಿದ್ದ.

ಅವನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ. "ಮಾವ, ನೀನೇನಾ?"

ಮ್ಯಾಪ್ ಮಾಡಿದವನು ಯಾರು ಬಂದರೂ ತೆರೆಯಬೇಕೆಂದು ಬಾಗಿಲಿಗೆ ಹೇಳಿದ್ದ. ನೋಡುವವರನ್ನು ಬಿಟ್ಟು ಎಂದು ಹೇಳಲು ಮರೆತಿದ್ದ. ಶಶಿಕಲಾ ಇದನ್ನು ವಿವರಿಸುತ್ತಿರುವಾಗ ರಘು ಕೌಂಟರಿಗೆ ಬಂದು ನನ್ನ ಕಿವಿಯಲ್ಲಿ ಹೇಳಿದ: "ಮಾವ, ಇವ್ಳ ಸಿ.ಡಿ.ನೇ ಬಾಗ್ಲು ತೆರ್ಸಿದ್ದು ಅಂದ್ಬುಡು. ಮುಗ್ದೋಯ್ತು."

ಹೇಳಬಹುದಿತ್ತು. ಜನ ನಂಬುತ್ತಿದ್ದರು. ಒಂದು ಗಳಿಗೆ ಅದೇ ಮಾತು ನನ್ನ ನಾಲಿಗೆಯ ಮೇಲೂ ಬಂದಿತ್ತು. ಅವನ ಪಿಸುಮಾತು ಅವಳಿಗೆ ಕೇಳಿಸಿತೋ ಇಲ್ಲವೋ, "ನಂದನ್ನ ತೆಗ್ದು ಒಂದ್ಸಲ ನೋಡಿ ಸರ್" ಎಂದಳು.

ಆಡ್-ಆನ್ ತೆಗೆದೆ. ಎಲ್ಲರೂ ಅಂಗಳದಲ್ಲಿ ದೂರ ನಿಂತರು. ನಾನು ಯಾರಿಗೂ ಕಾಣದೆ ಬಾಗಿಲ ಹತ್ತಿರ ಹೋದೆ.

"ತೆರೀತು" ಎಂದ ಗೋವಿಂದ. "ಹಿಂದಕ್ ಹೋಗಿ ಯಜಮಾನ್ರೇ. ಹಾಂ, ಮುಚ್ತು. ಮುಂದಕ್ ಬನ್ನಿ. ತೆರೀತು. ಸಾಕು ಬುಡಿ."

ನಾನು ಎದ್ದು ನಿಂತೆ. "ಕಪ್ ಗುಬ್ಬಿದು. ತಪ್ಪು ನಂದು, ಈ ಹುಡುಗೀದಲ್ಲ" ಎಂದೆ. ಶಶಿಕಲಾಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಇಲ್ಲಿ ಹೇಳಿದ್ರೆ ಏನಾಯ್ತು ಸರ್? ನನ್ ಕ್ಲಾಸ್ ಇರೋದು ಗುಬ್ಬೀಲಿ."

ಆ ವಾರವೇ ಗುಬ್ಬಿಗೆ ಹೋದೆ. ಅವಳ ಕ್ಲಾಸ್ ಮುಖ್ಯರಸ್ತೆಯ ಒಂದು ಅಂಗಡಿಯ ಮೇಲಿತ್ತು. ಕುರ್ಚಿಗಳು ಖಾಲಿ. ಮಕ್ಕಳನ್ನು ಬಿಡಿಸಿದ್ದ ಪೋಷಕರನ್ನು ಮನೆಮನೆಗೆ ಹೋಗಿ ಅವಳೇ ಕರೆದಿದ್ದಳು. ಅವರ ಮುಂದೆ ನಿಂತು ನಡೆದುದನ್ನೆಲ್ಲ ಹೇಳಿದೆ. ಬಾಗಿಲು ತೆರೆಯುವುದನ್ನು ಕಂಪ್ಯೂಟರಿನಲ್ಲಿ ತೋರಿಸಿದೆ. ಮೊದಲು ಮಗಳನ್ನು ಬಿಡಿಸಿದ್ದವರು ಚನ್ನಬಸಪ್ಪ ಎಂಬ ಕಬ್ಬಿಣದ ಅಂಗಡಿಯವರು. ಅವರು ಎಲ್ಲವನ್ನೂ ಕೇಳಿ, ಹಣೆಯ ವಿಭೂತಿಯ ಕೆಳಗಿನ ಹುಬ್ಬು ಗಂಟಿಕ್ಕಿದರು.

"ಅಂದ್ರೆ ಮೋಸ ಮಾಡಿಲ್ಲ, ಸರಿ. ಆದ್ರೆ ಬಾಗ್ಲು ತೆರ್ದಿದ್ಕೇ ಗೆದ್ಲು ಅಂದಂಗಾಯ್ತಲ್ಲ? ಬಾಗ್ಲು ತೆರೀದಿದ್ರೆ?"

ನಾನು ತಪ್ಪೊಪ್ಪಿಕೊಂಡರೂ ಅವಳ ಗೆಲುವಿಗೆ ಅಂಟಿದ ಮಸಿ ಪೂರ್ತಿ ಹೋಗಿರಲಿಲ್ಲ. ಆ ಮಸಿ ಬಳಿದದ್ದೂ ನನ್ನದೇ ಕೈ. ಶಶಿಕಲಾ ಮುಂದೆ ಬಂದಳು.

"ಇನ್ನೊಂದ್ಸಲ ಆಡ್ತೀನಿ ಅಂಕಲ್. ಇಲ್ಲೇ, ನಿಮ್ ಮುಂದೇನೇ. ನೋಡೋರಿಗೆ ಬಾಗ್ಲು ತೆರೀದಂಗೆ ಸರಿ ಮಾಡ್ತೀನಿ. ಸೋತ್ರೆ ನಾನೇ ಬೋರ್ಡ್ ಇಳಿಸ್ತೀನಿ."

ಹಾಗೆ ಹೇಳಬೇಡವೆಂದು ನಾನು ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಭಾನುವಾರ ಸೆಂಟರಿಗೆ ಬೀಗ ಹಾಕಿ, ಕಂಪ್ಯೂಟರುಗಳನ್ನು ಲಗೇಜ್ ಆಟೋಗಳಿಗೆ ಹೇರಿಕೊಂಡು ಗುಬ್ಬಿಗೆ ಹೊರಟೆವು. ಬಾಗಿಲು ಮುಚ್ಚಿದ್ದರೆ ಗೆಲ್ಲುವುದು ತಾನೇ ಎಂದು ರಘುವೂ ತನ್ನ ತಂಡ ಕಟ್ಟಿಕೊಂಡು ಬಂದ. ಗೋವಿಂದ ಕುಣಿಗಲ್ಲಿನಿಂದ ಬಂದು ವೈರು ಎಳೆದ. ಅವಳ ಯಂತ್ರಗಳು, ನನ್ನ ಯಂತ್ರಗಳು ಸೇರಿ ಆಡುವವರಿಗೆ ಎಂಟು ಹೋಗಿ ಇನ್ನೂ ಕೆಲವು ಉಳಿದವು. ಅವುಗಳ ಮುಂದೆ ಪೋಷಕರನ್ನು ಕೂರಿಸಿದಳು. ಈ ಸಲ ನೋಡುವವರೆಲ್ಲ ಆಡುವವರಿಗೆ ಕಾಣುತ್ತಾರೆ, ಕೋಟೆ ಗೋಡೆಯ ಮೇಲೆಯೇ ಇರಬೇಕು, ಯಾರ ಬೆನ್ನಿಗೂ ಬೀಳಬಾರದು ಎಂದು ತಿಳಿಸಿದಳು. ಕಾವಲಿಗೆ ಯಾರನ್ನೂ ಇಡಲಿಲ್ಲ. ಗೋಡೆಯಿಂದ ಕೆಳಗಿಳಿದವರ ಹೆಸರು ಎಲ್ಲರಿಗೂ ಕಾಣುತ್ತಿತ್ತಲ್ಲ.

ಆಟ ತೆರೆದಾಗ ಕೋಟೆ ಗೋಡೆಯ ಮೇಲೆ ಬಿಳಿ ಕೋಳಿಗಳ ಸಾಲು. ಚನ್ನಬಸಪ್ಪನವರು ಪಕ್ಕದ ಪರದೆಯಲ್ಲಿ ತಮ್ಮ ಹೆಸರು ಕಂಡು, "ಏಯ್, ಅದು ನಾನು ಕಣ್ರೋ! ಮೂರನೇದು!" ಎಂದು ಎದ್ದೇ ನಿಂತರು. ಅವರ ಮಗಳು ನಾಚಿ, "ಅಪ್ಪಾ, ಕೂತ್ಕೊಳಪ್ಪ" ಎಂದು ಅಂಗಿ ಎಳೆದಳು.

ಸುತ್ತುಗಳು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋದವು. ರಘು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬೆನ್ನಿಗೆ ಮಾವನಿಲ್ಲದೆ ಅವನ ಹೊಂಚು ನಿಜವಾದ ಹೊಂಚಾಗಿತ್ತು. ಶಶಿಕಲಾ ಎರಡು ಸಲ ಅವನ ಗುಂಡಿಗೆ ಬಿದ್ದಳು. ಚನ್ನಬಸಪ್ಪನವರು ಗಂಟಲು ಸರಿಮಾಡಿಕೊಂಡರು. ಸಮಸಮವಾಗಿ ನಿರ್ಣಾಯಕ ಸುತ್ತು ಬಂತು. ಒಬ್ಬೊಬ್ಬರೇ ಬಿದ್ದು ಕೊನೆಗೆ ಉಳಿದವರು ರಘು, ಶಶಿಕಲಾ ಇಬ್ಬರೇ.

ರಘು ಕಣಜದ ಕೋಣೆಯಲ್ಲಿ ಅಡಗಿದ. ಗೋಡೆಯ ಮೇಲಿನಿಂದ ನಾವೆಲ್ಲ ಅವನು ಒಳಹೊಕ್ಕದ್ದನ್ನು ನೋಡಿದ್ದೆವು. ಬಾಗಿಲು ಮುಚ್ಚಿಯೇ ಇತ್ತು. ಗೋಡೆಯಿಂದಿಳಿದು ಎಂದಿನಂತೆ ಅವನ ಬೆನ್ನು ಹಿಡಿಯಲು ಕೀಲಿಮಣೆಯ ಮೇಲಿದ್ದ ನನ್ನ ಕೈ ತವಕಿಸಿತು. ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಶಶಿಕಲಾ ಅಂಗಳದ ನಡುವೆ ಬಂದು ನಿಂತಳು. ಎತ್ತಲೂ ಹೋಗಲಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ ನಿಂತಳು. ರಘುವಿನ ತಾಳ್ಮೆ ಕೆಟ್ಟಿತು. ಬಂದೂಕಿಗೆ ಹೊಸದಾಗಿ ಗುಂಡು ತುಂಬಿಕೊಂಡ. ಆ ಕ್ಲಿಕ್ ಸದ್ದು ನಮ್ಮಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಅವಳಿಗೆ ಮಾತ್ರ ಕೇಳಿಸಿತು. ಅವಳು ಅಂಗಳದ ಕೋಳಿಗಳ ನಡುವೆ ಓಡಿದಳು. ಬಾಗಿಲಿಗೆ ಹೋಗದೆ, ಸುತ್ತಿಬಳಸಿ ಕಣಜದ ಹಿಂದಿನ ಕಿಟಕಿಗೆ ಹಾರಿದಳು. ರಘು ಬಾಗಿಲನ್ನೇ ನೋಡುತ್ತಿದ್ದ.

ಒಂದೇ ಗುಂಡು.

ಬಿದ್ದವನು ರಘು. ಆಮೇಲೆ ಗೋವಿಂದ ಹಾಕಿದ ಶಿಳ್ಳೆಗೆ ಕೆಳಗಿನ ಅಂಗಡಿಯವರು ಮೇಲೆ ಓಡಿಬಂದರು. ಪರದೆಯಲ್ಲಿ ಗೋಡೆಯ ಮೇಲಿನ ಕೋಳಿಗಳೆಲ್ಲ ಕುಪ್ಪಳಿಸತೊಡಗಿದವು. ಯಾವ ಗುಂಡಿ ಒತ್ತಿದರೆ ಕೋಳಿ ಜಿಗಿಯುತ್ತದೆಂದು ಪೋಷಕರಿಗೆ ಅಷ್ಟರಲ್ಲಿ ತಿಳಿದುಹೋಗಿತ್ತು. ಸಿದ್ದರಾಜು ಎಂಬ ಕೋಳಿಯೂ ಜಿಗಿಯಿತು. ಅಕ್ಕನ ಮಗ ಸೋತ ಆ ಗಳಿಗೆ ನನ್ನ ಬದುಕಿನ ದೊಡ್ಡ ಸಂತೋಷಗಳಲ್ಲಿ ಒಂದು.

ಚನ್ನಬಸಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿ ಶಶಿಕಲಾಳ ಬಳಿ ಬಂದರು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. "ಅಲ್ಲಮ್ಮ, ಈ ಕೋಳಿ ಮಾಡಾದನ್ನ ನಮ್ ಹುಡುಗೀಗೂ ಕಲಿಸ್ಬೋದಾ?" ಎಂದರು.

"ನಾಳೆ ಬೆಳಿಗ್ಗೆ ಕಳ್ಸಿ" ಎಂದಳು ಅವಳು. ಆಗ ಮಾತ್ರ ಅವಳ ದನಿ ಸ್ವಲ್ಪ ಒಡೆಯಿತು. ಮಾರನೆಯ ವಾರದಿಂದ ಆ ಕ್ಲಾಸಿನ ಕುರ್ಚಿಗಳು ಒಂದೊಂದಾಗಿ ತುಂಬಿದವು. ಬೋರ್ಡು ಇಳಿಯಲಿಲ್ಲ. ಸ್ವಲ್ಪ ಕಾಲದ ಮೇಲೆ ದೊಡ್ಡದಾಯಿತು.

ಆ ದಿನದಿಂದ ಸೆಂಟರ್ ಮುಚ್ಚುವವರೆಗೂ ನನ್ನ ಸರ್ವರಿನಲ್ಲಿ ಆ ಆಡ್-ಆನ್ ಇತ್ತು. ತೀರ್ಪು ಕೊಡುವವನು ಎಲ್ಲರಿಗೂ ಕಾಣುವ ಜಾಗದಲ್ಲಿರಬೇಕು ಎಂದು ಈ ಕಸುಬು ನನಗೆ ಕಲಿಸಿತು. ಮರೆಯಲ್ಲಿದ್ದು ನೋಡುವವನಿಗೆ, ತಾನು ಯಾರ ಬೆನ್ನಿಗೆ ಅಂಟಿಕೊಂಡಿದ್ದೇನೆ, ಯಾವ ಬಾಗಿಲು ತೆರೆಯುತ್ತಿದ್ದೇನೆ ಎಂಬುದು ತಿಳಿಯುವುದೇ ಇಲ್ಲ. ನನಗೆ ಅದು ತಿಳಿಯಲು, ಕ್ಲಾಸು ಕಳೆದುಕೊಳ್ಳುವ ಹಂತಕ್ಕೆ ಬಂದ ಒಬ್ಬ ಹೆಣ್ಣುಮಗಳು ನನ್ನನ್ನು ಕೋಳಿ ಮಾಡಬೇಕಾಯಿತು.

ವೈರುಗಳನ್ನು ಸುತ್ತಿ ಆಟೋಗೆ ತುಂಬುವಾಗ ರಘು ತುಮಕೂರಿನಿಂದ ತಂದಿದ್ದ ಕಪ್ಪನ್ನು ಅವಳ ಕೈಗೆ ಕೊಟ್ಟು ಹೇಳಿದ: "ಅಕ್ಕ, ಈ ಸಲ ಬಾಗ್ಲೂ ತೆರೀಲಿಲ್ಲ, ಮಾವನೂ ನನ್ ಬೆನ್ನಿಗಿರ್ಲಿಲ್ಲ. ಆದ್ರೂ ಹೊಡ್ದ್‌ಬುಟ್ಯಲ್ಲ!"

"ಗುಂಡು ತುಂಬ್ಕೊಂಡು ಸದ್ದು ಮಾಡೋಕೆ ನೀನಿದ್ಯಲ್ಲಪ್ಪ, ಅಷ್ಟ್ ಸಾಕಾಯ್ತು" ಎಂದು ಶಶಿಕಲಾ ನಕ್ಕಳು.